ಲೆಕ್ಕ ಇಡದ ಪ್ರಯೋಗಗಳು

‘ಏನ್ ಟ್ರೀಟ್‌ಮೆಂಟ್ ಬೇಕಾದ್ರೂ ಕೊಡಿ ಡಾಕ್ಟ್ರೇ, ನಮ್ಮ ಮಗು ಮೇಲೆ ಪ್ರಯೋಗ ಮಾತ್ರ ಮಾಡ್ಬೇಡಿ.’ ಮಕ್ಕಳ ವಾರ್ಡುಗಳಲ್ಲಿ ಇದು ದಿನನಿತ್ಯದ ಮಾತು. ಓದು ಬರಹ ಬಾರದವರಷ್ಟೇ ಹೀಗೆನ್ನುತ್ತಾರೆ ಅಂದುಕೊಳ್ಳಬೇಡಿ. ಸಾಫ್ಟ್‌ವೇರ್ ಕಂಪನಿಯಲ್ಲಿ ದಿನವಿಡೀ ಟೆಸ್ಟಿಂಗ್ ಮಾಡುವ ಅಪ್ಪನೂ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಅಮ್ಮನೂ ಇದನ್ನೇ ಹೇಳುತ್ತಾರೆ. ‘ಕಂದಮ್ಮಗಳ ಮೇಲೆ ಔಷಧ ಪ್ರಯೋಗ’ ಎಂದು ಪತ್ರಿಕೆಯಲ್ಲಿ ಶೀರ್ಷಿಕೆ ಬಂದರೆ, ಕೆಳಗಿನ ಸುದ್ದಿ ಓದುವ ಮೊದಲೇ ನಮ್ಮ ತೀರ್ಪು ಬರೆದಾಗಿರುತ್ತದೆ. ಚಿಕಿತ್ಸೆ ಎಂದರೆ ಗೊತ್ತಿರುವ ದಾರಿ, ಪ್ರಯೋಗ ಎಂದರೆ ಗೊತ್ತಿಲ್ಲದ ದಾರಿ. ಮಗುವನ್ನು ಗೊತ್ತಿಲ್ಲದ ದಾರಿಗೆ ತಳ್ಳಬಾರದು. ಇದು ಎಲ್ಲರೂ ಒಪ್ಪುವ ಅಭಿಪ್ರಾಯ. ನಾನು ಇದನ್ನು ಒಪ್ಪುವುದಿಲ್ಲ. ಮಕ್ಕಳ ಕಣ್ಣಿನ ಚಿಕಿತ್ಸೆಯ ಚರಿತ್ರೆ ಗೊತ್ತಿದ್ದವರು ಯಾರೂ ಒಪ್ಪಲಾರರು.

ಪ್ರಯೋಗ ಅಂದರೆ ಇಲ್ಲಿ ಏನು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೇ ಬಗೆಯ ತೊಂದರೆ ಇರುವ ಮಕ್ಕಳನ್ನು ಸೇರಿಸಿಕೊಂಡು, ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸುತ್ತಾರೆ. ಡಾಕ್ಟರ ಮರ್ಜಿಗೆ, ಮನೆಯವರ ಶಿಫಾರಸಿಗೆ ಅಲ್ಲಿ ಜಾಗ ಇಲ್ಲ. ಕೊನೆಗೆ ದೃಷ್ಟಿ ಅಳೆಯುವವರಿಗೆ ಯಾವ ಮಗುವಿಗೆ ಯಾವುದು ಸಿಕ್ಕಿತ್ತೆಂಬುದು ಆದಷ್ಟೂ ಗೊತ್ತಿರಬಾರದು. ಎರಡೂ ಗುಂಪಿನಲ್ಲಿ ಗುಣವಾದವರು, ಆಗದವರು, ತೀರಿಕೊಂಡವರು, ಅರ್ಧಕ್ಕೆ ಬಿಟ್ಟುಹೋದವರು ಎಲ್ಲರೂ ಲೆಕ್ಕಕ್ಕೆ ಬರಬೇಕು. ಇಷ್ಟೇ. ಇದರಲ್ಲಿ ನಮ್ಮನ್ನು ಹೆದರಿಸುವುದು ಆ ಚೀಟಿ ಎತ್ತುವ ಕೆಲಸ. ‘ನನ್ನ ಮಗುವಿನ ಕಣ್ಣನ್ನು ಲಾಟರಿಗೆ ಹಾಕ್ತೀರಾ?’ ಎನ್ನುತ್ತೇವೆ. ಎರಡರಲ್ಲಿ ಯಾವುದು ಮೇಲು ಎಂದು ಡಾಕ್ಟರಿಗೇ ಗೊತ್ತಿಲ್ಲದಾಗ, ಅವರು ತಮ್ಮ ಅಂದಾಜಿನ ಮೇಲೆ ಒಂದನ್ನು ಆರಿಸಿ ಬರೆದುಕೊಟ್ಟರೆ ಅದೂ ಲಾಟರಿಯೇ. ಆ ಲಾಟರಿಯಲ್ಲಿ ಯಾರಿಗೆ ಏನು ಬಂತು ಎಂದು ಬರೆದಿಡುವವರು ಮಾತ್ರ ಇರುವುದಿಲ್ಲ.

ಇದು ಬರೀ ತರ್ಕ ಅನ್ನಿಸಿದರೆ, ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಅಮೆರಿಕದಲ್ಲಿ 1940ರ ದಶಕದಲ್ಲಿ ಏನಾಯಿತೆಂದು ನೋಡಬೇಕು. 1942ರಲ್ಲಿ ಬೋಸ್ಟನ್ನಿನ ಥಿಯೋಡೋರ್ ಟೆರಿ ಎಂಬ ನೇತ್ರವೈದ್ಯ ಹೊಸದೊಂದು ಕುರುಡಿನ ಬಗ್ಗೆ ಬರೆದ. ತೀರ ಮೊದಲೇ ಹುಟ್ಟಿ, ಇನ್‌ಕ್ಯುಬೇಟರಿನಲ್ಲಿ ವಾರಗಟ್ಟಲೆ ಕಳೆದು ಬದುಕಿ ಉಳಿದ ಮಕ್ಕಳ ಕಣ್ಣಿನೊಳಗೆ, ಮಸೂರದ ಹಿಂದೆ, ಬೆಳ್ಳಗಿನ ಪೊರೆಯೊಂದು ಬೆಳೆದಿರುತ್ತಿತ್ತು. ರೆಟಿನಾ ಕಿತ್ತು ಬಂದಿರುತ್ತಿತ್ತು. ಮುಂದಿನ ಹತ್ತು ಹನ್ನೊಂದು ವರ್ಷಗಳಲ್ಲಿ ಜಗತ್ತಿನಾದ್ಯಂತ ಸುಮಾರು 10,000 ಮಕ್ಕಳು ಹೀಗೆ ದೃಷ್ಟಿ ಕಳೆದುಕೊಂಡರು ಎಂಬ ಅಂದಾಜಿದೆ. 1950ರಲ್ಲಿ ಮಿಶಿಗನ್ನಿನಲ್ಲಿ ಹುಟ್ಟಿದ ಗಾಯಕ ಸ್ಟೀವಿ ವಂಡರ್ ಅವರಲ್ಲೊಬ್ಬರು. ವಿಚಿತ್ರವೆಂದರೆ ಈ ರೋಗ ಕಾಣಿಸಿದ್ದು ಬಡ ಆಸ್ಪತ್ರೆಗಳಿಗಿಂತ ಹೆಚ್ಚಾಗಿ ಒಳ್ಳೆಯ, ಆಧುನಿಕ, ಎಲ್ಲ ಸೌಕರ್ಯ ಇದ್ದ ಆಸ್ಪತ್ರೆಗಳಲ್ಲಿ.

ಕಾರಣ ಹುಡುಕುವ ಗಡಿಬಿಡಿಯಲ್ಲಿ ಹತ್ತಾರು ಊಹೆಗಳು ಎದ್ದವು. ಬೆಳಕು, ವಿಟಮಿನ್ನು, ಕಬ್ಬಿಣದ ಅಂಶ, ಹಾಲು ಎಲ್ಲದರ ಮೇಲೂ ಗುಮಾನಿ. ಆಗ ನ್ಯೂಯಾರ್ಕಿನ ಬೇಬೀಸ್ ಆಸ್ಪತ್ರೆಯಲ್ಲಿದ್ದ ಯುವ ಮಕ್ಕಳ ವೈದ್ಯ ವಿಲಿಯಂ ಸಿಲ್ವರ್‌ಮನ್ ಮತ್ತು ಅವನ ಜೊತೆಯವರು ಎಸಿಟಿಎಚ್ ಎಂಬ ಹೊಸ ಹಾರ್ಮೋನನ್ನು ಕೊಟ್ಟು ನೋಡಿದರು. ರೋಗ ಶುರುವಾಗಿದ್ದ 31 ಕೂಸುಗಳಿಗೆ ಕೊಟ್ಟರು. 25 ಕೂಸುಗಳು ಸರಿಯಾದ ದೃಷ್ಟಿಯೊಂದಿಗೆ ಮನೆಗೆ ಹೋದವು. ಅದೇ ಊರಿನ ಇನ್ನೊಂದು ಆಸ್ಪತ್ರೆಯಲ್ಲಿ ಈ ಔಷಧ ಸಿಗದ ಏಳು ಕೂಸುಗಳಲ್ಲಿ ಆರು ಕುರುಡಾದವು. ನಮ್ಮಲ್ಲಿ ಯಾರೇ ಆಗಲಿ ಇಷ್ಟು ಕೇಳಿದ ಮೇಲೆ ‘ಮತ್ತೇನು ಯೋಚನೆ, ನಮ್ಮ ಮಗುವಿಗೂ ಕೊಡಿ’ ಎನ್ನುತ್ತಿದ್ದೆವು. ಪ್ರಯೋಗ ಎಂದಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆವು. ಇಷ್ಟು ಸ್ಪಷ್ಟವಾಗಿ ಗುಣವಾಗುವ ಔಷಧವನ್ನು ಅರ್ಧ ಮಕ್ಕಳಿಗೆ ತಪ್ಪಿಸುವುದು ಅನ್ಯಾಯವಲ್ಲವೇ?

ಸಿಲ್ವರ್‌ಮನ್‌ಗೆ ಅನುಮಾನ ಹೋಗಲಿಲ್ಲ. ಅವರು ಚೀಟಿ ಎತ್ತಿ ಎರಡು ಗುಂಪು ಮಾಡಿದರು. ಔಷಧ ಪಡೆದ ಕೂಸುಗಳಲ್ಲಿ ಮೂರರಲ್ಲೊಂದು ಪಾಲು ಕುರುಡಾದವು, ಪಡೆಯದವುಗಳಲ್ಲಿ ಐದರಲ್ಲೊಂದು. ಸಾವೂ ಔಷಧದ ಗುಂಪಿನಲ್ಲೇ ಹೆಚ್ಚು. ಆ 25 ಕೂಸುಗಳು ಗುಣವಾದದ್ದು ಹೇಗೆ ಹಾಗಾದರೆ? ಈ ರೋಗ ಶುರುವಾದ ಮಕ್ಕಳಲ್ಲಿ ಬಹುಪಾಲು ತಾವಾಗಿಯೇ ಸುಧಾರಿಸಿಕೊಳ್ಳುತ್ತಾರೆ. ಔಷಧ ಕೊಟ್ಟರೂ ಸರಿ, ಕೊಡದಿದ್ದರೂ ಸರಿ. ಅದು ಯಾರಿಗೂ ತಿಳಿದಿರಲಿಲ್ಲ, ಏಕೆಂದರೆ ಏನೂ ಕೊಡದೆ ಕಾದು ನೋಡಿ ಲೆಕ್ಕ ಹಾಕಿದವರೇ ಇರಲಿಲ್ಲ. ‘ನಮ್ಮ ಕಣ್ಣಾರೆ ಕಂಡಿದ್ದೇವೆ’ ಎನ್ನುವ ಅನುಭವಸ್ಥ ಡಾಕ್ಟರ ಮಾತಿಗೆ ನಾವು ಕೊಡುವ ಬೆಲೆ ದೊಡ್ಡದು. ಕಣ್ಣಾರೆ ಕಂಡದ್ದು 31ರಲ್ಲಿ 25. ಸತ್ಯ ಅದಕ್ಕೆ ಪೂರಾ ಉಲ್ಟಾ.

ನಿಜವಾದ ಕಾರಣ ಆಮ್ಲಜನಕ ಎಂದು 1951ರಲ್ಲಿ ಮೆಲ್ಬರ್ನಿನ ಕೇಟ್ ಕ್ಯಾಂಪ್‌ಬೆಲ್ ಎಂಬ ವೈದ್ಯೆ ಬರೆದಳು. ಆಮ್ಲಜನಕವನ್ನು ಧಾರಾಳವಾಗಿ ಕೊಡುವಲ್ಲಿ ರೋಗ ಹೆಚ್ಚು, ಕೈಬಿಗಿ ಹಿಡಿದಲ್ಲಿ ಕಡಿಮೆ ಎಂಬುದು ಅವಳ ಗಮನಕ್ಕೆ ಬಂದಿತ್ತು. ಅಷ್ಟರಲ್ಲಿ ವಾಷಿಂಗ್ಟನ್ನಿನ ಗ್ಯಾಲಿಂಜರ್ ಆಸ್ಪತ್ರೆಯಲ್ಲಿ ಆರ್ನಲ್ ಪ್ಯಾಟ್ಸ್ ಎಂಬವನು ಇದನ್ನೇ ಪರೀಕ್ಷೆಗೆ ಹಚ್ಚಿದ್ದ. ಒಂದು ಗುಂಪಿನ ಕೂಸುಗಳಿಗೆ ಹೆಚ್ಚು ಆಮ್ಲಜನಕ, ಇನ್ನೊಂದಕ್ಕೆ ಅಗತ್ಯವಿದ್ದಾಗ ಮಾತ್ರ. ಕೆಲವು ನರ್ಸಮ್ಮಂದಿರು ರಾತ್ರಿ ಪಾಳಿಯಲ್ಲಿ, ಡಾಕ್ಟರು ಮನೆಗೆ ಹೋದ ಮೇಲೆ, ಎರಡನೇ ಗುಂಪಿನ ಪೆಟ್ಟಿಗೆಗಳಲ್ಲೂ ಆಮ್ಲಜನಕದ ತಿರುಪು ತಿರುಗಿಸಿ ಹೆಚ್ಚು ಮಾಡಿಬಿಡುತ್ತಿದ್ದರು. ಪ್ರಯೋಗದ ಹೆಸರಲ್ಲಿ ಕೂಸುಗಳ ಉಸಿರು ಕಟ್ಟಿಸುತ್ತಿದ್ದಾರೆ ಎಂದು ಅವರ ಕರುಳು ಚುರುಕ್ಕೆನ್ನುತ್ತಿತ್ತು. ಅವರು ಕೆಟ್ಟವರಲ್ಲ. ಇವತ್ತು ವಾರ್ಡಿನಲ್ಲಿ ‘ಪ್ರಯೋಗ ಬೇಡ’ ಎನ್ನುವ ನಮ್ಮಷ್ಟೇ ಒಳ್ಳೆಯವರು. ಕೂಸುಗಳ ಕಣ್ಣು ಹೋಗುತ್ತಿದ್ದದ್ದು ಆ ತಿರುಪಿನಿಂದಲೇ.

1953-54ರಲ್ಲಿ ಅಮೆರಿಕದ 18 ಆಸ್ಪತ್ರೆಗಳು ಸೇರಿ 786 ಕೂಸುಗಳ ಮೇಲೆ ದೊಡ್ಡ ಪ್ರಯೋಗ ನಡೆಸಿದವು. ಆಮ್ಲಜನಕವೇ ಕಾರಣ ಎಂದು ಸಾಬೀತಾಯಿತು. ಕತೆ ಇಲ್ಲಿಗೆ ಮುಗಿದಿದ್ದರೆ ನನ್ನ ವಾದಕ್ಕೆ ಅನುಕೂಲವಾಗುತ್ತಿತ್ತು, ಆದರೆ ಮುಗಿಯಲಿಲ್ಲ. ಆ ಪ್ರಯೋಗಕ್ಕೆ ಕೂಸುಗಳನ್ನು ಸೇರಿಸಿಕೊಂಡದ್ದು ಹುಟ್ಟಿ 48 ಗಂಟೆ ಕಳೆದ ಮೇಲೆ. ಮೊದಲ ಎರಡು ದಿನಗಳಲ್ಲಿ ಆಮ್ಲಜನಕ ಕಡಿಮೆ ಮಾಡಿದರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಅದು ಮುಟ್ಟಲೇ ಇಲ್ಲ. ಫಲಿತಾಂಶ ಬಂದದ್ದೇ ತಡ, ಎಲ್ಲ ಆಸ್ಪತ್ರೆಗಳೂ ಮೊದಲ ಗಳಿಗೆಯಿಂದಲೇ ಆಮ್ಲಜನಕಕ್ಕೆ ಕತ್ತರಿ ಹಾಕಿದವು. ಕುರುಡು ಇಳಿಯಿತು. ಉಸಿರಾಟದ ತೊಂದರೆಯಿಂದ ಸಾಯುವ ಕೂಸುಗಳ ಸಂಖ್ಯೆ ಏರಿತು. 1973ರಲ್ಲಿ ಬ್ರಿಟನ್ನಿನ ಕೆನೆತ್ ಕ್ರಾಸ್ ಹಾಕಿದ ಅಂದಾಜು ಎದೆ ನಡುಗಿಸುವಂಥದ್ದು: ಒಂದು ಕೂಸಿನ ಕಣ್ಣು ಉಳಿದಾಗ ಸುಮಾರು 16 ಕೂಸುಗಳು ಪ್ರಾಣ ಬಿಟ್ಟಿದ್ದವು. ಪ್ರಯೋಗದ ಲೆಕ್ಕದಲ್ಲಿ ಎರಡು ದಿನ ಬಿಟ್ಟುಹೋದದ್ದಕ್ಕೆ ತೆತ್ತ ಬೆಲೆ ಇದು. ಪ್ರಯೋಗ ಮಾಡಬಾರದಿತ್ತು ಎನ್ನುವವರಿಗೆ ಇದರಲ್ಲಿ ಬೆಂಬಲ ಸಿಗುವುದಿಲ್ಲ. ಪ್ರಯೋಗ ಉತ್ತರಿಸದ ಪ್ರಶ್ನೆಗೂ ಉತ್ತರ ಸಿಕ್ಕಿತೆಂದುಕೊಂಡು ಊರಿಗೆಲ್ಲ ಅದನ್ನೇ ಜಾರಿ ಮಾಡಿದವರಿಗೆ ಇದು ಛೀಮಾರಿ.

ಇದೇ ರೋಗದ ಚಿಕಿತ್ಸೆಯ ಕತೆಯನ್ನೂ ನೋಡಿ. ಈಗ ಇದನ್ನು ಆರ್‌ಒಪಿ ಎನ್ನುತ್ತಾರೆ. ಜಪಾನಿನಲ್ಲಿ 1960ರ ದಶಕದ ಕೊನೆಯಲ್ಲೇ ಬೆಳಕಿನ ಕಿರಣದಿಂದ ರೆಟಿನಾದ ಅಂಚು ಸುಟ್ಟು ರೋಗ ತಡೆಯುವ ವಿಧಾನವನ್ನು ನಗಾತಾ ಎಂಬ ವೈದ್ಯರು ಶುರುಮಾಡಿದ್ದರು. ದೇಶ ತುಂಬ ಅದು ಹರಡಿತು. ಆದರೆ ಹೋಲಿಸಿ ನೋಡಿದ ಲೆಕ್ಕ ಇರಲಿಲ್ಲ. ತಾನಾಗಿಯೇ ಗುಣವಾಗುವ ರೋಗ ಇದೆಂದು ಸಿಲ್ವರ್‌ಮನ್ ತೋರಿಸಿಕೊಟ್ಟಿದ್ದ ಮೇಲೆ, ಗುಣವಾದ ಮಕ್ಕಳನ್ನು ತೋರಿಸಿದರೆ ಯಾರು ನಂಬುತ್ತಾರೆ? ಸುಮಾರು ಇಪ್ಪತ್ತು ವರ್ಷ ಜಗತ್ತು ನಂಬಲೂ ಇಲ್ಲ, ಬಿಡಲೂ ಇಲ್ಲ. ಕೊನೆಗೆ 1986ರಲ್ಲಿ ಅಮೆರಿಕದ 23 ಕೇಂದ್ರಗಳಲ್ಲಿ ಕ್ರಯೋ-ಆರ್‌ಒಪಿ ಎಂಬ ಪ್ರಯೋಗ ಶುರುವಾಯಿತು. ರೋಗ ಬಲಿತ 291 ಕೂಸುಗಳು ಅದರಲ್ಲಿದ್ದವು. ಎರಡೂ ಕಣ್ಣಿನಲ್ಲಿ ರೋಗ ಇದ್ದ ಕೂಸಿನ ಒಂದು ಕಣ್ಣಿಗೆ, ಬೆಳಕಿನ ಬದಲು ಅತಿ ಶೀತದಿಂದ ರೆಟಿನಾದ ಅಂಚು ಸುಡುವ ಚಿಕಿತ್ಸೆ ಕೊಟ್ಟು, ಇನ್ನೊಂದನ್ನು ಹಾಗೇ ಬಿಟ್ಟರು.

ಓದುವಾಗಲೇ ಮೈ ಜುಮ್ಮೆನ್ನುತ್ತದೆ, ಗೊತ್ತು. ಒಂದು ಕಣ್ಣು ಬಿಡುವುದೇ? ಆದರೆ ಆ ಹೊತ್ತಿಗೆ ಚಿಕಿತ್ಸೆ ಒಳ್ಳೆಯದೋ ಕೆಟ್ಟದ್ದೋ ಯಾರಿಗೂ ಗೊತ್ತಿರಲಿಲ್ಲ. ಎರಡೂ ಕಣ್ಣಿಗೆ ಕೊಟ್ಟಿದ್ದರೆ, ಅದು ಕೆಡುಕು ಮಾಡುವಂಥದ್ದಾಗಿದ್ದ ಪಕ್ಷದಲ್ಲಿ, ಎರಡೂ ಕಣ್ಣು ಹೋಗುತ್ತಿದ್ದವು. ಮೂರು ತಿಂಗಳ ಕೊನೆಗೆ ಬಿಟ್ಟ ಕಣ್ಣುಗಳಲ್ಲಿ ನೂರಕ್ಕೆ 43 ಕೆಟ್ಟಿದ್ದವು. ಚಿಕಿತ್ಸೆ ಪಡೆದ ಕಣ್ಣುಗಳಲ್ಲಿ ನೂರಕ್ಕೆ 22ರಷ್ಟು. ಲಾಭ ಇಷ್ಟು ನಿಚ್ಚಳವಾದ ಕೂಡಲೇ, 1988ರ ಮೊದಲಲ್ಲೇ, ಹೊಸ ಕೂಸುಗಳನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಿದರು. ಇವತ್ತು ಲೋಕದ ಎಲ್ಲ ಕಡೆ ಈ ರೋಗಕ್ಕೆ ಸಮಯಕ್ಕೆ ಸರಿಯಾಗಿ ಚಿಕಿತ್ಸೆ ಕೊಡಲೇಬೇಕು ಎಂಬ ನಿಯಮ ನಿಂತಿರುವ ಅಡಿಪಾಯ ಇದೇ. 2015ರಲ್ಲಿ ನಮ್ಮ ಸುಪ್ರೀಂ ಕೋರ್ಟು, ಕಣ್ಣಿನ ತಪಾಸಣೆ ಮಾಡಿಸದೆ ಮನೆಗೆ ಕಳಿಸಿದ್ದರಿಂದ ದೃಷ್ಟಿ ಕಳೆದುಕೊಂಡ ತಮಿಳುನಾಡಿನ ಹುಡುಗಿಗೆ ಸುಮಾರು 1.8 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ತಪಾಸಣೆ ಆಗಿದ್ದರೆ ಕಣ್ಣು ಉಳಿಯುವ ಸಾಧ್ಯತೆ ಇತ್ತು ಎಂದು ನ್ಯಾಯಾಲಯದಲ್ಲಿ ನಿಂತು ಹೇಳಲು ಸಾಧ್ಯವಾದದ್ದು ಲೆಕ್ಕ ಇಟ್ಟ ಪ್ರಯೋಗಗಳು ಹಿಂದೆ ಇದ್ದದ್ದರಿಂದ. ಪರಿಹಾರದ ಸುದ್ದಿಗೆ ಚಪ್ಪಾಳೆ ತಟ್ಟಿದ ನಾವೇ ಪ್ರಯೋಗದ ಸುದ್ದಿಗೆ ಹಲ್ಲು ಕಡಿಯುತ್ತೇವೆ.

ಪ್ರಾಣದ, ಪೂರ್ತಿ ಕುರುಡಿನ ಪ್ರಶ್ನೆ ಇಲ್ಲದ ಸಣ್ಣ ವಿಷಯದಲ್ಲೂ ಇದೇ ಪಾಡು. ಸೋಮಾರಿ ಕಣ್ಣಿನ ಪಟ್ಟಿಯನ್ನೇ ತೆಗೆದುಕೊಳ್ಳಿ. ಒಂದು ಕಣ್ಣಿಗೆ ಹೆಚ್ಚು ಪವರ್ ಇದ್ದು ಅಥವಾ ಮೆಳ್ಳೆ ಇದ್ದು, ಮಿದುಳು ಆ ಕಣ್ಣನ್ನು ಕೈಬಿಟ್ಟಿರುತ್ತದೆ. (ಮೆಳ್ಳೆಗಣ್ಣು ಅದೃಷ್ಟ ಎಂದು ನಂಬಿ ಡಾಕ್ಟರ ಬಳಿ ಹೋಗದ ಮನೆಗಳು ನಮ್ಮಲ್ಲಿ ಈಗಲೂ ಉಂಟು, ಅವರ ಜೊತೆ ವಾದ ಮಾಡುವ ಚೈತನ್ಯ ನನಗಿಲ್ಲ.) ಒಳ್ಳೆಯ ಕಣ್ಣಿಗೆ ಪಟ್ಟಿ ಹಾಕಿ ಕೆಟ್ಟ ಕಣ್ಣನ್ನು ದುಡಿಸುವುದು ಚಿಕಿತ್ಸೆ. ಫ್ರಾನ್ಸಿನ ನಿಸರ್ಗವಿಜ್ಞಾನಿ ಬುಫಾನ್ 1743ರಲ್ಲೇ ಇದನ್ನು ಹೇಳಿದ್ದ. ಎರಡೂವರೆ ಶತಮಾನ ಲೋಕದ ಕಣ್ಣು ಡಾಕ್ಟರೆಲ್ಲ ಪಟ್ಟಿ ಹಾಕಿದರು. ಎಷ್ಟು ಹೊತ್ತು ಎಂದರೆ, ಒಬ್ಬೊಬ್ಬರದು ಒಂದೊಂದು ಪದ್ಧತಿ. ದಿನಕ್ಕೆ ಎರಡು ಗಂಟೆ ಎಂದವರಿದ್ದರು, ಎದ್ದಾಗಿನಿಂದ ಮಲಗುವ ತನಕ ಎಂದವರೂ ಇದ್ದರು.

ಆ ಪಟ್ಟಿ ಹಾಕಿಸಿಕೊಂಡ ಮಗುವನ್ನು ಹತ್ತಿರದಿಂದ ನೋಡಬೇಕು. ಅಂಟು ಬ್ಯಾಂಡೇಜಿನಂಥ ಪಟ್ಟಿ ಹುಬ್ಬಿನ ಕೂದಲಿಗೂ ಕೆನ್ನೆಗೂ ಅಂಟಿರುತ್ತದೆ. ಕೀಳುವಾಗ ಉರಿ, ಬೇಸಿಗೆಯಲ್ಲಿ ಕೆಳಗೆಲ್ಲ ಬೆವರುಸಾಲೆ. ಚೆನ್ನಾಗಿ ಕಾಣುವ ಕಣ್ಣು ಮುಚ್ಚಿಹೋಗಿರುವುದರಿಂದ ಮಗು ಬಾಗಿಲಿಗೆ ಡಿಕ್ಕಿ ಹೊಡೆಯುತ್ತದೆ, ಊಟದ ತಟ್ಟೆಗೆ ಕೈ ತಪ್ಪಾಗಿ ಹಾಕುತ್ತದೆ. ಶಾಲೆಯಲ್ಲಿ ‘ಒಕ್ಕಣ್ಣ’ ಎಂಬ ಅಡ್ಡಹೆಸರು ಮೊದಲ ದಿನವೇ ಬೀಳುತ್ತದೆ. ಶಾಲೆಯ ಗೇಟು ದಾಟಿದ ಕೂಡಲೇ ಪಟ್ಟಿ ಕಿತ್ತು ಬ್ಯಾಗಿನ ಜಿಪ್ಪಿನೊಳಗೆ ಸೇರಿಸಿ, ಮನೆಗೆ ಬರುವಾಗ ಮತ್ತೆ ಅಂಟಿಸಿಕೊಳ್ಳುವ ಮಕ್ಕಳ ಜಾಣತನಕ್ಕೆ ತಲೆದೂಗಬೇಕು. ಲಂಡನ್ನಿನ ಸಂಶೋಧಕರು ಪಟ್ಟಿಯೊಳಗೆ ಸಣ್ಣ ಎಲೆಕ್ಟ್ರಾನಿಕ್ ಅಳತೆಗೋಲು ಇಟ್ಟು ನೋಡಿದರು. ದಿನಕ್ಕೆ 6 ಗಂಟೆ ಬರೆದುಕೊಟ್ಟ ಮಕ್ಕಳು ಹಾಕಿಕೊಂಡದ್ದು ಸರಾಸರಿ 4 ಗಂಟೆ ಚಿಲ್ಲರೆ. 12 ಗಂಟೆ ಬರೆದುಕೊಟ್ಟವರದ್ದು 6 ಗಂಟೆ ಚಿಲ್ಲರೆ. ಡಾಕ್ಟರ ಚೀಟಿಯಲ್ಲಿ ಇರುವುದೇ ಮನೆಯಲ್ಲಿ ನಡೆಯುತ್ತದೆ ಎಂದುಕೊಂಡು ಎಷ್ಟು ತಲೆಮಾರು ವೈದ್ಯರು ತಮ್ಮ ಅನುಭವ ಕಟ್ಟಿಕೊಂಡಿದ್ದರೋ!

1997ರಲ್ಲಿ ಬ್ರಿಟನ್ನಿನಲ್ಲಿ ಇಬ್ಬರು ಸಂಶೋಧಕರು, ಈ ಚಿಕಿತ್ಸೆ ಕೆಲಸ ಮಾಡುತ್ತದೆ ಎಂಬುದಕ್ಕೆ ಸರಿಯಾದ ಪುರಾವೆಯೇ ಇಲ್ಲ, ಹಾಗಾಗಿ ಪುಟ್ಟ ಮಕ್ಕಳ ದೃಷ್ಟಿ ತಪಾಸಣೆಯ ಕಾರ್ಯಕ್ರಮವನ್ನೇ ನಿಲ್ಲಿಸಬಹುದು ಎಂದು ವರದಿ ಕೊಟ್ಟರು. ಕಣ್ಣು ವೈದ್ಯರು ಕೆಂಡವಾದರು. ಸಿಟ್ಟಿನಿಂದ ಒಳ್ಳೆಯದೇ ಆಯಿತು, ಪ್ರಯೋಗಗಳು ಶುರುವಾದವು. ಅದೇ ವರ್ಷ ಅಮೆರಿಕದಲ್ಲಿ ಪೀಡಿಗ್ ಎಂಬ ಗುಂಪು ಹುಟ್ಟಿತು. ಊರೂರಿನ ಮಕ್ಕಳ ಕಣ್ಣು ವೈದ್ಯರು ಒಂದಾಗಿ ದೊಡ್ಡ ಪ್ರಯೋಗ ನಡೆಸುವ ಒಕ್ಕೂಟ ಅದು. ಮುಂದಿನ ಕೆಲವೇ ವರ್ಷಗಳಲ್ಲಿ 250 ವರ್ಷದ ಪದ್ಧತಿಗಳು ಒಂದೊಂದಾಗಿ ಕಳಚಿಬಿದ್ದವು. 2003ರಲ್ಲಿ, ಮಧ್ಯಮ ಮಟ್ಟದ ಸೋಮಾರಿ ಕಣ್ಣಿಗೆ ದಿನಕ್ಕೆ 2 ಗಂಟೆಯ ಪಟ್ಟಿಗೂ 6 ಗಂಟೆಯ ಪಟ್ಟಿಗೂ ನಾಲ್ಕು ತಿಂಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ತೀವ್ರವಾಗಿದ್ದವರಲ್ಲಿ 6 ಗಂಟೆಗೂ ಇಡೀ ದಿನಕ್ಕೂ ವ್ಯತ್ಯಾಸ ಕಾಣಲಿಲ್ಲ. ಅದಕ್ಕೂ ಒಂದು ವರ್ಷ ಮೊದಲು 419 ಮಕ್ಕಳಲ್ಲಿ ನೋಡಿದಾಗ, ಒಳ್ಳೆಯ ಕಣ್ಣಿಗೆ ಅಟ್ರೋಪಿನ್ ಹನಿ ಹಾಕಿ ಮಸುಕು ಮಾಡಿದರೂ ಪಟ್ಟಿಯಷ್ಟೇ ಫಲ ಸಿಕ್ಕಿತ್ತು. ಇನ್ನು ಕೆಲವು ಮಕ್ಕಳಿಗೆ ಪಟ್ಟಿಯೂ ಬೇಡ, ಹನಿಯೂ ಬೇಡ. ಸರಿಯಾದ ಕನ್ನಡಕ ಕೊಟ್ಟು ಕಾದರೆ ನಾಲ್ಕರಲ್ಲೊಂದಕ್ಕಿಂತ ಹೆಚ್ಚು ಮಕ್ಕಳ ತೊಂದರೆ ಪೂರ್ತಿ ಹೋಯಿತು.

ಇದರಲ್ಲಿ ನಮ್ಮ ಊರುಗಳಿಗೆ ಎಲ್ಲಕ್ಕಿಂತ ಮುಖ್ಯವಾದದ್ದು 2005ರ ಫಲಿತಾಂಶ. ‘ಏಳು ವರ್ಷ ದಾಟಿತು, ಇನ್ನು ಏನೂ ಮಾಡೋಕಾಗಲ್ಲ’ ಎಂದು ಕೈಚೆಲ್ಲಿ ಕಳಿಸಿದ ಮಕ್ಕಳು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾರೆ. ಈ ಏಳು ವರ್ಷದ ಗೆರೆ ಎಲ್ಲಿಂದ ಬಂತು? ಅನುಭವದಿಂದ. 7ರಿಂದ 17 ವರ್ಷದ 507 ಮಕ್ಕಳ ಮೇಲೆ ಪರೀಕ್ಷೆ ಮಾಡಿದಾಗ, 12ರ ಒಳಗಿನವರಲ್ಲಿ ಪಟ್ಟಿ, ಹನಿ ಕೊಟ್ಟ ಅರ್ಧಕ್ಕಿಂತ ಹೆಚ್ಚು ಮಕ್ಕಳ ದೃಷ್ಟಿ ಸುಧಾರಿಸಿತು. ಬರೀ ಕನ್ನಡಕದವರಲ್ಲಿ ನಾಲ್ಕರಲ್ಲೊಂದು ಪಾಲು ಮಾತ್ರ. 13 ದಾಟಿದವರಲ್ಲೂ ಹಿಂದೆ ಯಾವತ್ತೂ ಚಿಕಿತ್ಸೆಯೇ ಸಿಗದವರಿಗೆ ಗಣನೀಯ ಲಾಭ ಇತ್ತು. ಹಿಂದೆ ಚಿಕಿತ್ಸೆ ಸಿಗದ 13ರ ಹುಡುಗ ಅಂದರೆ ನಮ್ಮ ಹಳ್ಳಿ ಶಾಲೆಯ ಹುಡುಗನೇ. ಅನುಭವದ ಮಾತು ನಂಬಿ ಅವನನ್ನು ಮನೆಗೆ ಕಳಿಸಿದ್ದೆವು.

ಪ್ರಯೋಗ ಯಾವಾಗಲೂ ‘ಕಡಿಮೆ ಸಾಕು’ ಎಂದೇ ಹೇಳುತ್ತದೆಂದೂ ಅಲ್ಲ. ಮೊದಲು ತಿಂಗಳುಗಟ್ಟಲೆ ಕನ್ನಡಕ ಹಾಕಿಸಿ ಕಾಯಬೇಕು, ಆಮೇಲೆ ಪಟ್ಟಿ ಎಂಬ ಹೊಸ ಪದ್ಧತಿ ರೂಢಿಗೆ ಬಂದಿತ್ತು. ಬೇಗ ಪಟ್ಟಿ ಶುರುಮಾಡಿದವರಿಗೇ ಫಲ ಹೆಚ್ಚು ಎಂದು 2024ರಲ್ಲಿ ಯುರೋಪಿನ ಪ್ರಯೋಗವೊಂದು ತೋರಿಸಿತು. ಐಪ್ಯಾಡ್ ಆಟ ಆಡಿಸಿ ಸೋಮಾರಿ ಕಣ್ಣು ಗುಣ ಮಾಡುತ್ತೇವೆ ಎಂಬ ಆಕರ್ಷಕ ಚಿಕಿತ್ಸೆಯನ್ನು 385 ಮಕ್ಕಳಲ್ಲಿ ಪರೀಕ್ಷಿಸಿದಾಗ, ಅದು ಪಟ್ಟಿಗೆ ಸಮ ಎಂದು ಸಾಬೀತಾಗಲಿಲ್ಲ. ಹೇಳಿದಷ್ಟು ಹೊತ್ತು ಆಡಿದ ಮಕ್ಕಳೇ ಕಡಿಮೆ. ಹುಟ್ಟುಪೊರೆ ತೆಗೆದ ಎಳೆಗೂಸಿನ ಒಂದು ಕಣ್ಣಿಗೆ ಆಗಲೇ ಲೆನ್ಸ್ ಕೂರಿಸುವುದು ಮೇಲೆಂಬ ಮಾತಿತ್ತು. 114 ಕೂಸುಗಳನ್ನು ನಾಲ್ಕೂವರೆ ವರ್ಷ ವಯಸ್ಸಾಗುವ ತನಕ ಹಿಂಬಾಲಿಸಿ ನೋಡಿದರೆ, ಕಾಂಟ್ಯಾಕ್ಟ್ ಲೆನ್ಸ್ ಹಾಕಿದವರಿಗೂ ಒಳಗೆ ಲೆನ್ಸ್ ಕೂರಿಸಿದವರಿಗೂ ದೃಷ್ಟಿಯಲ್ಲಿ ವ್ಯತ್ಯಾಸ ಇಲ್ಲ, ಮತ್ತೆ ಆಪರೇಷನ್ ಆಗಬೇಕಾದವರು ಮಾತ್ರ ಲೆನ್ಸ್ ಕೂರಿಸಿದವರಲ್ಲಿ ಮೂರು ಪಟ್ಟಿಗೂ ಹೆಚ್ಚು.

ಇಷ್ಟಾದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ, ಅದು ಹುರುಳಿಲ್ಲದ್ದಲ್ಲ. ‘ಪ್ರಯೋಗ ನಡೆಯಲಿ, ಆದರೆ ನಮ್ಮ ಮಕ್ಕಳ ಮೇಲೆ ಬೇಡ. ಶ್ರೀಮಂತ ದೇಶದವರು ಮಾಡಿ ತಿಳಿದುಕೊಳ್ಳಲಿ, ನಾವು ಆಮೇಲೆ ಬಳಸೋಣ.’ ಬಾಯಿಬಿಟ್ಟು ಹೇಳದಿದ್ದರೂ ಬಹಳ ಜನರ ಮನಸ್ಸಿನಲ್ಲಿ ಇರುವುದು ಇದೇ. ಇದರ ನೈತಿಕತೆಯ ಮಾತು ಬಿಡಿ, ಕೆಲಸಕ್ಕೂ ಬರುವುದಿಲ್ಲ. ಅಮೆರಿಕದಲ್ಲಿ ಆರ್‌ಒಪಿ ತಪಾಸಣೆ ಬೇಕಾದದ್ದು 1500 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಕದ, ಇಲ್ಲವೇ 30 ವಾರದೊಳಗೆ ಹುಟ್ಟಿದ ಕೂಸುಗಳಿಗೆ. ಅದನ್ನೇ ಇಲ್ಲಿ ನಕಲು ಮಾಡಿದ್ದರೆ ಬಹಳ ಮಕ್ಕಳ ಕಣ್ಣು ಕೈತಪ್ಪುತ್ತಿತ್ತು. ನಮ್ಮಲ್ಲಿ ಇನ್ನೂ ತೂಕವಾದ, ಇನ್ನೂ ದಿನ ತುಂಬಿದ ಕೂಸುಗಳಿಗೂ ಈ ರೋಗ ಬರುತ್ತದೆ. ಅದಕ್ಕೇ ಇಲ್ಲಿನ ಗೆರೆ 2000 ಗ್ರಾಂ, 34 ವಾರ. ನಮ್ಮ ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳಲ್ಲಿ ಕೂಸುಗಳನ್ನು ನೋಡಿ, ಎಣಿಸಿ, ಬರೆದಿಟ್ಟವರಿಂದ ಬಂದ ಗೆರೆ ಇದು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರುಮಾಡಿದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋಗಿ, ರೆಟಿನಾದ ಚಿತ್ರ ತೆಗೆದು, ದೂರದ ತಜ್ಞರಿಗೆ ತೋರಿಸುತ್ತಾರೆ. ತಜ್ಞರಿಲ್ಲದ ಊರಿಗೆ ಹೊಂದುವ ಈ ವಿಧಾನ ನಂಬಿಕೆಗೆ ಅರ್ಹವೋ ಅಲ್ಲವೋ ಎಂಬುದಕ್ಕೆ ಉತ್ತರ ಸಿಗಬೇಕಾದದ್ದೂ ಇಲ್ಲಿನ ಕೂಸುಗಳ ಲೆಕ್ಕದಿಂದಲೇ.

ಅಟ್ರೋಪಿನ್ ಹನಿಯ ಇನ್ನೊಂದು ಉಪಯೋಗವೂ ಇದೇ ಪಾಠ ಹೇಳುತ್ತದೆ. ಮಕ್ಕಳ ಮೈನಸ್ ಪವರ್ ಏರದಂತೆ ತಡೆಯಲು 0.01 ಶೇಕಡಾ ಹನಿ ಈಗ ಬೆಂಗಳೂರಿನ ಮನೆಗಳಲ್ಲಿ ಮಾಮೂಲು. ದೆಹಲಿಯ ಏಮ್ಸ್ ನೇತೃತ್ವದ ಪ್ರಯೋಗದಲ್ಲಿ ಭಾರತೀಯ ಮಕ್ಕಳಿಗೆ ಅದರಿಂದ ಲಾಭ ಕಂಡಿತು. ಅಮೆರಿಕದ 187 ಮಕ್ಕಳಲ್ಲಿ ಎರಡು ವರ್ಷ ನೋಡಿ 2023ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಔಷಧವಿಲ್ಲದ ಖಾಲಿ ಹನಿಗಿಂತ ಅದು ಮೇಲೆಂದು ಕಾಣಲಿಲ್ಲ. ಹಾಂಗ್‌ಕಾಂಗಿನಲ್ಲಿ 0.05 ಶೇಕಡಾ ಹನಿ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಅಮೆರಿಕದ ಫಲಿತಾಂಶ ಒಂದನ್ನೇ ನಂಬಿದ್ದರೆ ಹನಿ ಚೆಲ್ಲಬೇಕಿತ್ತು, ನಮ್ಮದೊಂದನ್ನೇ ನಂಬಿದರೆ ಕಣ್ಣು ಮುಚ್ಚಿ ಹಾಕಬೇಕು. ಎರಡಕ್ಕೂ ಇನ್ನಷ್ಟು ದೊಡ್ಡ ಲೆಕ್ಕ ಬೇಕು, ಅದು ಇಲ್ಲೇ ಆಗಬೇಕು.

ಡೋಸಿನ ವಿಷಯ ಇನ್ನೂ ಗಾಬರಿ ಹುಟ್ಟಿಸುವಂಥದ್ದು. ಆರ್‌ಒಪಿ ಕೂಸುಗಳ ಕಣ್ಣಿಗೆ ಬೆವಾಸಿಜುಮಾಬ್ ಎಂಬ ಔಷಧದ ಇಂಜೆಕ್ಷನ್ ಕೊಡುತ್ತಾರೆ. ಮೂಲತಃ ಕ್ಯಾನ್ಸರಿನ ಔಷಧ. ದೊಡ್ಡವರ ಕಣ್ಣಿಗೆ 1.25 ಮಿಲಿಗ್ರಾಂ, ಕೂಸಿಗೆ ಅದರ ಅರ್ಧ, 0.625 ಎಂದು ಶುರುವಾಯಿತು. ಅರ್ಧವೇ ಏಕೆ? ದೊಡ್ಡವರಿಗೆ ಪೂರ್ತಿ ಗುಳಿಗೆ, ಮಕ್ಕಳಿಗೆ ಅರ್ಧ ಎಂಬ ಲೆಕ್ಕಕ್ಕಿಂತ ಹೆಚ್ಚಿನ ಆಧಾರ ಅದಕ್ಕಿರಲಿಲ್ಲ. ಕಣ್ಣಿನಿಂದ ರಕ್ತಕ್ಕೆ ಇಳಿದು, ಇನ್ನೂ ಬೆಳೆಯುತ್ತಿರುವ ಮಿದುಳು, ಶ್ವಾಸಕೋಶಗಳ ಮೇಲೆ ಏನು ಮಾಡುತ್ತದೋ ಎಂಬ ಭಯದ ನಡುವೆಯೇ ಇದು ನಡೆದುಬಂತು. ಆಮೇಲೆ ಪೀಡಿಗ್ ಗುಂಪು ಡೋಸನ್ನು ಹಂತ ಹಂತವಾಗಿ ಇಳಿಸುತ್ತ ಹೋಗಿ, 0.031 ಮಿಲಿಗ್ರಾಂ ಕೊಟ್ಟರೂ ಕೆಲಸ ಮಾಡುತ್ತದೆ ಎಂದು 2017ರಲ್ಲಿ ಪ್ರಕಟಿಸಿತು. ಅಂದರೆ ಇಪ್ಪತ್ತರಲ್ಲೊಂದು ಪಾಲು. ಅಲ್ಲಿಯವರೆಗೆ ಕೂಸುಗಳಿಗೆ ಕೊಟ್ಟದ್ದು ‘ಚಿಕಿತ್ಸೆ’ಯೇ. ಅದಕ್ಕೆ ಯಾರೂ ಮೆರವಣಿಗೆ ತೆಗೆಯಲಿಲ್ಲ.

ಭಯಕ್ಕೆ ಕಾರಣ ಇಲ್ಲ ಎನ್ನುವಷ್ಟು ಮುಗ್ಧತೆ ನನಗೂ ಇಲ್ಲ. 2009ರಲ್ಲಿ ಆಗಿನ ಆಂಧ್ರದ ಖಮ್ಮಂನಲ್ಲೂ ಗುಜರಾತಿನ ವಡೋದರದಲ್ಲೂ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿದ ಅಧ್ಯಯನದಲ್ಲಿ, ಅಪ್ಪ ಅಮ್ಮನಿಗೆ ತಿಳಿಸದೆ ಹಾಸ್ಟೆಲ್ ವಾರ್ಡನ್‌ಗಳಿಂದ ಒಪ್ಪಿಗೆಯ ಸಹಿ ಹಾಕಿಸಿಕೊಂಡದ್ದು ಹೊರಬಿತ್ತು. ಆ ಅವಧಿಯಲ್ಲಿ ಕೆಲವು ಹುಡುಗಿಯರು ತೀರಿಕೊಂಡಿದ್ದರು. ಸಾವಿಗೆ ಲಸಿಕೆ ಕಾರಣವಲ್ಲ ಎಂದು ತನಿಖೆ ಹೇಳಿತು. ಆ ಸಹಿಗಳ ಕಳಂಕ ಮಾತ್ರ ತೊಳೆದುಹೋಗಲಿಲ್ಲ. ಅಮೆರಿಕದಲ್ಲೂ ಸಪೋರ್ಟ್ ಎಂಬ ಪ್ರಯೋಗದಲ್ಲಿ ಇಂಥದ್ದೇ ತಪ್ಪಾಯಿತು. 24ರಿಂದ 27 ವಾರಕ್ಕೇ ಹುಟ್ಟಿದ 1316 ಕೂಸುಗಳನ್ನು, ರಕ್ತದಲ್ಲಿ ಆಮ್ಲಜನಕದ ಮಟ್ಟ 85-89 ಶೇಕಡಾ ಇರುವಂತೆ ಒಂದು ಗುಂಪು, 91-95 ಶೇಕಡಾ ಇರುವಂತೆ ಇನ್ನೊಂದು ಗುಂಪು ಮಾಡಿ ನೋಡಿದರು. ಎರಡೂ ಆಗಿನ ಆಸ್ಪತ್ರೆಗಳಲ್ಲಿ ರೂಢಿಯಲ್ಲಿದ್ದ ಮಟ್ಟಗಳೇ. 2010ರಲ್ಲಿ ಫಲಿತಾಂಶ ಬಂತು. ಕಡಿಮೆ ಮಟ್ಟದ ಗುಂಪಿನಲ್ಲಿ ಬದುಕುಳಿದವರ ಪೈಕಿ ತೀವ್ರ ಆರ್‌ಒಪಿ 8.6 ಶೇಕಡಾ, ಹೆಚ್ಚಿನ ಮಟ್ಟದವರಲ್ಲಿ 17.9. ಸಾವು ಕಡಿಮೆ ಮಟ್ಟದವರಲ್ಲಿ 19.9, ಹೆಚ್ಚಿನ ಮಟ್ಟದವರಲ್ಲಿ 16.2. ಕೆನೆತ್ ಕ್ರಾಸ್ 1973ರಲ್ಲಿ ಕೇಳಿದ ಪ್ರಶ್ನೆಗೆ ಕೊನೆಗೂ ಸರಿಯಾದ ಉತ್ತರ. ಆದರೆ ತಂದೆತಾಯಿ ಸಹಿ ಹಾಕಿದ ಕಾಗದಗಳಲ್ಲಿ ಕಣ್ಣು ಹೋಗುವ, ಪ್ರಾಣ ಹೋಗುವ ಸಂಭವಗಳನ್ನು ಸರಿಯಾಗಿ ಹೇಳಿರಲಿಲ್ಲ ಎಂದು 2013ರಲ್ಲಿ ಅಲ್ಲಿನ ಸರ್ಕಾರಿ ಕಚೇರಿಯೇ ಎತ್ತಿ ಆಡಿತು. ಅದು ಆಡಿದ್ದು ಸರಿ. ಇಷ್ಟು ದೊಡ್ಡ ಪ್ರಶ್ನೆ ಕೇಳಲು ಹೊರಟವರು ಆ ಪ್ರಶ್ನೆಯನ್ನು ತಂದೆತಾಯಿಯಿಂದ ಮರೆಮಾಚುವುದು ಕ್ಷಮೆಗೆ ತಕ್ಕ ತಪ್ಪಲ್ಲ.

ಹಾಗಾಗಿ ಕಾದಾಡಬೇಕಾದ ಜಾಗ ಈ ಒಪ್ಪಿಗೆಯ ಕಾಗದ. ನಮ್ಮ ಆಸ್ಪತ್ರೆಗಳ ಒಪ್ಪಿಗೆ ಪತ್ರಗಳನ್ನು ಒಮ್ಮೆ ಓದಿ ನೋಡಿ. ಇಂಗ್ಲಿಷಿನಿಂದ ಯಾರೋ ಪದಕ್ಕೆ ಪದ ಇಟ್ಟು ತಂದ ಕನ್ನಡ, ಎಂಟು ಹತ್ತು ಪುಟ, ಅಪಾಯದ ಮಾತು ಆರನೇ ಪುಟದ ಮಧ್ಯೆ. ಬಾಣಂತಿ ಇನ್ನೂ ಹೊಲಿಗೆಯ ನೋವಿನಲ್ಲಿ ಮಲಗಿದ್ದಾಳೆ, ಗಂಡ ಔಷಧದಂಗಡಿಗೂ ಬಿಲ್ ಕೌಂಟರಿಗೂ ಓಡಾಡುತ್ತಿದ್ದಾನೆ, ಕಾಗದ ಹಿಡಿದವರು ‘ಇಲ್ಲೊಂದು ಸಹಿ’ ಎನ್ನುತ್ತಾರೆ. ಏಳು ದಾಟಿದ ಮಗುವಿಗೂ ವಿಷಯ ತಿಳಿಸಿ ಬಾಯಿಮಾತಿನ ಸಮ್ಮತಿ ಪಡೆಯಬೇಕು, ಹನ್ನೆರಡು ದಾಟಿದವರಿಂದ ಬರಹದಲ್ಲಿ ಪಡೆಯಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಾರ್ಗಸೂಚಿ ಹೇಳುತ್ತದೆ. ಎಷ್ಟು ಕಡೆ ಮಗುವನ್ನು ಕೂರಿಸಿಕೊಂಡು ಯಾರು ಹೇಳುತ್ತಾರೆ? ‘ಪ್ರಯೋಗ ಬೇಡ’ ಎಂಬ ಕೂಗಿಗೆ ವ್ಯಯವಾಗುವ ಸಿಟ್ಟು ಈ ಕಾಗದದ ಮೇಲೆ ಬಿದ್ದಿದ್ದರೆ ಇಷ್ಟು ಹೊತ್ತಿಗೆ ಅದು ಎರಡು ಪುಟದ, ಅಜ್ಜಿಗೂ ಅರ್ಥವಾಗುವ ಕನ್ನಡಕ್ಕೆ ಬಂದಿರುತ್ತಿತ್ತು.

ಇನ್ನು ನಿಮ್ಮ ಮನೆಯ ಮಗುವಿಗೇ ಇಂಥ ಮಾತು ಬಂದರೆ. ಭಾರತದಲ್ಲಿ ಇಂಥ ಪ್ರತಿ ಪ್ರಯೋಗವೂ ಸಿಟಿಆರ್‌ಐ ಎಂಬ ಸಾರ್ವಜನಿಕ ದಾಖಲೆಯಲ್ಲಿ ಮೊದಲೇ ನೋಂದಣಿ ಆಗಿರಬೇಕು. 2009ರಿಂದ ಇದು ಕಡ್ಡಾಯ. ಯಾರು ನಡೆಸುತ್ತಿದ್ದಾರೆ, ದುಡ್ಡು ಯಾರದು, ಏನನ್ನು ಅಳೆಯುತ್ತಾರೆ ಎಂಬುದೆಲ್ಲ ಅಲ್ಲಿ ಬರೆದಿರುತ್ತದೆ, ಯಾರು ಬೇಕಾದರೂ ತೆರೆದು ನೋಡಬಹುದು. ಸಹಿ ಹಾಕುವ ಮೊದಲು ಆ ಸಂಖ್ಯೆ ಕೇಳಿ. ಎರಡು ಚಿಕಿತ್ಸೆಗಳಲ್ಲಿ ಯಾವುದಕ್ಕೆ ಏನು ಅಪಾಯ ಎಂದು ಕೇಳಿ, ಮಧ್ಯೆ ಬಿಡಬಹುದೇ ಎಂದು ಕೇಳಿ, ಒಂದು ರಾತ್ರಿ ಸಮಯ ಕೇಳಿ. ಕೊಡದಿದ್ದರೆ ಎದ್ದು ಬನ್ನಿ. ಕೊಟ್ಟರೆ, ದಯವಿಟ್ಟು ಕೂತು ಓದಿ. ಮತ್ತು ಪ್ರಯೋಗದ ಮಾತೇ ಎತ್ತದೆ ಯಾರಾದರೂ ನಿಮ್ಮ ಮಗುವಿನ ಕಣ್ಣಿಗೆ ಹೊಸ ಹನಿಯೋ ಇಂಜೆಕ್ಷನ್ನೋ ಬರೆದುಕೊಟ್ಟರೆ, ಅವರನ್ನೂ ಇದೇ ಪ್ರಶ್ನೆಗಳನ್ನು ಕೇಳಿ.